ಉದ್ಯಾನವೂ ತೋಟವೂ

ಬಡಾವಣೆಯ ಹಳೆಯ ಉದ್ಯಾನವೊಂದನ್ನು ನವೀಕರಿಸುವ ಪ್ರಸ್ತಾಪ ಬಂದಾಗ ‘ನಿವಾಸಿಗಳ ಅಭಿಪ್ರಾಯವನ್ನು ಕೇಳಬೇಕು’ ಎಂಬ ಮಾತು ಈಗ ಎಲ್ಲ ನಗರಗಳಲ್ಲಿಯೂ ಕೇಳಿಬರುತ್ತಿದೆ. ಡೊಂಬಿವಲಿಯ ಎಂಐಡಿಸಿ ಪ್ರದೇಶದಂತೆ ಕಾರ್ಖಾನೆಗಳ ನೆರೆಯಲ್ಲಿಯೇ ಬೆಳೆದ ವಸತಿಗಳಲ್ಲಿ ಈ ಮಾತಿಗೆ ಹೆಚ್ಚಿನ ತೂಕವುಂಟು. ಮಾತು ಸರಿಯಾದುದೇ. ಆದರೆ ಕೇಳುವವರು ಯಾರು, ಯಾರನ್ನು ಕೇಳಲಾಗುತ್ತದೆ, ಅಭಿಪ್ರಾಯವನ್ನು ಹೇಳಿದವನಿಗೆ ಅನಂತರ ಉಳಿಯುವ ಕರ್ತವ್ಯವೇನು ಎಂಬ ಪ್ರಶ್ನೆಗಳನ್ನು ಎತ್ತುವವರು ವಿರಳ. ಇವು ಪೌರಾಡಳಿತಕ್ಕೆ ಮಾತ್ರ ಸೇರಿದ ಪ್ರಶ್ನೆಗಳೆಂದು ತಿಳಿಯಲಾಗದು. ಉದ್ಯಾನವೆಂದರೆ ಏನೆಂದು ಜನ ಮನಸ್ಸಿನಲ್ಲಿ ಕಲ್ಪಿಸಿಕೊಂಡಿದ್ದಾರೆಯೋ ಅದಕ್ಕೆ ತಕ್ಕಂತೆ ಅವರ ಅಭಿಪ್ರಾಯವೂ ಇರುತ್ತದೆ. ಕನ್ನಡಿಗನಿಗೆ ಆ ಕಲ್ಪನೆಯನ್ನು ಒದಗಿಸಿದ್ದು ಅವನ ಭಾಷೆ, ಕಾವ್ಯ ಮತ್ತು ಶಾಸನಗಳು. ಆದುದರಿಂದ ವಿಚಾರವನ್ನು ಅಲ್ಲಿಂದಲೇ ಮೊದಲುಮಾಡುವುದು ಯುಕ್ತ.

1

ಕನ್ನಡದಲ್ಲಿ ಈ ವಸ್ತುವಿಗೆ ಮುಖ್ಯವಾಗಿ ಎರಡು ಹೆಸರುಗಳಿವೆ. ‘ಉದ್ಯಾನ’ ಸಂಸ್ಕೃತದಿಂದ ಬಂದುದು. ‘ಹೊರಗೆ ಹೋಗುವುದು’ ಎಂಬುದು ಅದರ ಮೂಲಾರ್ಥ. ಮನೆಯಿಂದಲೋ ಅರಮನೆಯಿಂದಲೋ ಪುರದಿಂದಲೋ ವಿಹಾರಾರ್ಥವಾಗಿ ಹೊರಟವನು ಸೇರುವ ಎಡೆಯೇ ಉದ್ಯಾನ. ‘ತೋಟ’ ದೇಶ್ಯ ಶಬ್ದ. ಹಳಗನ್ನಡದಲ್ಲಿ ಇದರ ರೂಪ ‘ತೋಂಟ’. ‘ತೋಡು’ ಎಂಬ ಕ್ರಿಯೆಯೊಡನೆ ಇದಕ್ಕೆ ನಂಟು. ನೆಲವನ್ನು ಅಗೆದು, ಪಾತಿ ಮಾಡಿ, ನೀರು ಹಾಯಿಸಿದ ಎಡೆಯೇ ತೋಟ. ಮೊದಲನೆಯ ಹೆಸರು ನಡೆದುಬಂದವನ ಕಡೆಯಿಂದ ಹುಟ್ಟಿತು, ಎರಡನೆಯದು ದುಡಿದವನ ಕಡೆಯಿಂದ. ಒಂದೇ ನೆಲಕ್ಕೆ ಎರಡು ಬಗೆಯ ಸಂಬಂಧಗಳು ಈ ಹೆಸರುಗಳಲ್ಲಿ ಅಡಗಿವೆ.

ಕಾವ್ಯಪರಂಪರೆ ಆರಿಸಿಕೊಂಡುದು ಮೊದಲನೆಯ ಸಂಬಂಧವನ್ನು. ದಂಡಿಯು ಮಹಾಕಾವ್ಯಕ್ಕೆ ವಿಧಿಸಿದ ವರ್ಣನೆಗಳಲ್ಲಿ ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯಗಳ ಜೊತೆಗೆ ಉದ್ಯಾನಕ್ರೀಡೆಯೂ ಜಲಕ್ರೀಡೆಯೂ ಸೇರಿವೆ. ಅವನನ್ನು ಅನುಸರಿಸಿದ ‘ಕವಿರಾಜಮಾರ್ಗ’ದ ಕಾಲದಿಂದ, ಎಂದರೆ ಒಂಬತ್ತನೆಯ ಶತಮಾನದಿಂದ, ಕನ್ನಡದ ಚಂಪೂಕವಿಗಳು ಈ ಅಷ್ಟಾದಶವರ್ಣನೆಗಳನ್ನು ನಿಷ್ಠೆಯಿಂದ ನಡೆಸಿಕೊಂಡು ಬಂದರು. ಅವರ ಉದ್ಯಾನಗಳಲ್ಲಿ ಮಾವು, ಮಲ್ಲಿಗೆ, ಸುರಗಿ, ಸಂಪಗೆಗಳಿಗೆ ಕೊರತೆಯಿಲ್ಲ. ದುಂಬಿಗಳೂ ಗಿಳಿಗಳೂ ಸಾಲುಗಟ್ಟಿವೆ. ರಾಜನೂ ರಾಣಿಯೂ ಪರಿವಾರವೂ ಹೂ ಕೊಯ್ದು ಕೊಳಕ್ಕೆ ಇಳಿಯುತ್ತಾರೆ. ಗಿಡಕ್ಕೆ ನೀರೆರೆದವನು ಮಾತ್ರ ಅಪರೂಪಕ್ಕೆ ಕಣ್ಣಿಗೆ ಬೀಳುತ್ತಾನೆ. ಇದನ್ನು ಕವಿಗಳ ದೋಷವೆಂದು ಎಣಿಸಬೇಕಾಗಿಲ್ಲ. ಆ ಉದ್ಯಾನ ಶೃಂಗಾರಕ್ಕೆ ಉದ್ದೀಪನವಿಭಾವ. ಅಲ್ಲಿ ಗುದ್ದಲಿಯ ಸಪ್ಪಳ ರಸಕ್ಕೆ ಭಂಗವನ್ನು ತರುತ್ತಿತ್ತು. ಆದರೆ ಸಾವಿರ ವರ್ಷಗಳ ಅಭ್ಯಾಸದಿಂದ ಒಂದು ದೃಷ್ಟಿ ರೂಢವಾಯಿತೆಂಬುದನ್ನು ಅಲ್ಲಗಳೆಯಲಾಗದು.

ಇದಕ್ಕೆ ಅತ್ಯಂತ ಮನೋಹರವಾದ ನಿದರ್ಶನ ಪಂಪನ ಬನವಾಸಿಯ ವರ್ಣನೆ. 941ರಲ್ಲಿ ರಚಿತವಾದ ‘ವಿಕ್ರಮಾರ್ಜುನ ವಿಜಯ’ದ ಆ ಭಾಗ ಹೊರನಾಡ ಕನ್ನಡಿಗರ ರಾಜ್ಯೋತ್ಸವ ಸಭೆಗಳಲ್ಲಿ ಮತ್ತೆ ಮತ್ತೆ ಸ್ಮರಣೆಗೆ ಬರುತ್ತದೆ. ನಾಡಿನ ನಂದನದಲ್ಲಿ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಮರುಹುಟ್ಟು ಪಡೆಯಬೇಕೆಂಬ ಅಲ್ಲಿಯ ಹಂಬಲ ದೂರವಿರುವವನ ಹೃದಯವನ್ನು ಒಮ್ಮೆಗೇ ತಟ್ಟುತ್ತದೆ. ಇಷ್ಟನ್ನು ಒಪ್ಪಿಯೂ ವಿಮರ್ಶಕನು ಕೇಳಬಹುದಾದ ಒಂದು ಪ್ರಶ್ನೆಯುಂಟು. ನಂದನದ ಮೇಲೆ ಇಷ್ಟು ಪ್ರೀತಿಯಿದ್ದರೂ ಅದರ ತೋಟಿಗನಾಗಿ ಹುಟ್ಟಬೇಕೆಂಬ ಬಯಕೆ ಅಲ್ಲಿ ಏಕೆ ಮೂಡಲಿಲ್ಲ? ದುಂಬಿಗೂ ಕೋಗಿಲೆಗೂ ನಂದನ ಸಿದ್ಧವಸ್ತು; ಅದನ್ನು ಸವಿಯುವುದಷ್ಟೇ ಅವುಗಳ ಪಾಲು. ಪಂಪನ ಹಂಬಲದ ಸೌಂದರ್ಯ ಇರುವುದೇ ಈ ನಿಶ್ಚಿಂತೆಯಲ್ಲಿ. ಆದರೆ ಕಾವ್ಯದ ನಿಶ್ಚಿಂತೆಯನ್ನು ಪೌರಜೀವನಕ್ಕೆ ತಂದುಕೊಂಡರೆ ನಂದನ ಉಳಿಯುವುದಿಲ್ಲ.

ಈ ಪರಂಪರೆಯಲ್ಲಿ ಹರಿಹರನ ‘ಪುಷ್ಪರಗಳೆ’ ಬೇರೊಂದು ದಾರಿಯನ್ನು ತೋರಿಸುತ್ತದೆ. ಹೊಯ್ಸಳರ ಆಸ್ಥಾನದಲ್ಲಿ ಲೆಕ್ಕ ಬರೆಯುವ ಕರಣಿಕನಾಗಿದ್ದು, ಅದನ್ನು ತೊರೆದು ಹಂಪೆಗೆ ಬಂದವನೆಂದು ಪ್ರತೀತಿಯುಳ್ಳ ಈ ಕವಿ ವಿರೂಪಾಕ್ಷನ ಪೂಜೆಗಾಗಿ ತಾನೇ ಹೂದೋಟಕ್ಕೆ ಹೋಗುತ್ತಾನೆ. ಒಂದೊಂದು ಗಿಡವೂ ಅವನಿಗೆ ಪರಿಚಿತ. ಒಂದೊಂದರೊಡನೆಯೂ ಅವನಿಗೆ ಸಲಿಗೆಯುಂಟು. ಇಲ್ಲಿ ಉದ್ಯಾನಕ್ರೀಡೆಯ ಎಡೆಯಲ್ಲಿ ದಿನಚರಿ ಬಂದಿದೆ. ನಿತ್ಯವೂ ಮಾಡಬೇಕಾದ ಕೆಲಸದಲ್ಲಿಯೇ ರಸವಿದೆಯೆಂಬ ಅರಿವು ಚಂಪೂಕವಿಗಳ ಉದ್ಯಾನದಲ್ಲಿ ದೊರೆಯುವಂಥದಲ್ಲ.

2

ಕಾವ್ಯ ಕಾಣದಿದ್ದುದನ್ನು ಶಾಸನಗಳು ಕಂಡಿವೆ. ದೇವಾಲಯಗಳಿಗೆ ಹೂದೋಟಗಳನ್ನು ದತ್ತಿಯಾಗಿ ಬಿಟ್ಟ ಸಂಗತಿ ಕನ್ನಡ ಶಾಸನಗಳಲ್ಲಿ ಹೇರಳವಾಗಿ ಬರುತ್ತದೆ. ಅಲ್ಲಿ ವರ್ಣನೆ ಕಡಮೆ, ವಿವರ ಹೆಚ್ಚು. ತೋಟ ಎಷ್ಟು ಮತ್ತರು ಅಥವಾ ಎಷ್ಟು ಕಮ್ಮ, ಅದರ ಮೂಡಣ ಪಡುವಣ ಎಲ್ಲೆಗಳಾವುವು, ಯಾವ ಕೆರೆಯ ಕೆಳಗೆ ಇದೆ, ಯಾರ ವಶಕ್ಕೆ ಒಪ್ಪಿಸಲಾಯಿತು ಎಂಬುದನ್ನು ಕಲ್ಲಿನ ಮೇಲೆ ಕೊರೆಯಲಾಗಿದೆ. ಕೆಲವು ಕಡೆ ನೆಲದ ಬದಲು ಹಣವನ್ನು ಇಟ್ಟುದುಂಟು. ಶ್ರವಣಬೆಳಗೊಳದ ಹದಿಮೂರನೆಯ ಶತಮಾನದ ಕೆಲವು ಶಾಸನಗಳು ಗೊಮ್ಮಟೇಶ್ವರನ ಅಭಿಷೇಕದ ಹಾಲಿಗಾಗಿ ಗದ್ಯಾಣಗಳನ್ನು ಇಟ್ಟು, ಮೂಲಧನವನ್ನು ಮುಟ್ಟದೆ ಅದರ ಬಡ್ಡಿಯಿಂದ ಸೇವೆಯನ್ನು ನಡೆಸಬೇಕೆಂದು ವಿಧಿಸಿವೆ. ದತ್ತಿಯನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಗಲುವುದೆಂಬ ಶಾಪಾಶಯ ಇಂಥ ಶಾಸನಗಳ ಕೊನೆಯಲ್ಲಿ ಸಾಮಾನ್ಯ.

ಈ ಶಾಪಾಶಯವನ್ನು ಕೇವಲ ಮೂಢನಂಬಿಕೆಯೆಂದು ತಳ್ಳಿಬಿಡುವುದು ಸುಲಭ. ವಸ್ತುತಃ ಅದು ನಿರ್ವಹಣೆಯ ಚಿಂತೆ. ಕೊಡುವುದಕ್ಕಿಂತ ಕೊಟ್ಟುದನ್ನು ಉಳಿಸುವುದು ಕಷ್ಟವೆಂಬುದನ್ನು ಅಂದಿನ ದಾನಿಗಳು ಚೆನ್ನಾಗಿ ಅರಿತಿದ್ದರು. ಇಂದಿನ ಉದ್ಯಾನಗಳ ಕಥೆಯಲ್ಲಿ ಕಾಣದಿರುವುದು ಇದೇ. ನವೀಕರಣಕ್ಕೆ ಒಮ್ಮೆ ಹಣ ದೊರೆಯುತ್ತದೆ. ಉದ್ಘಾಟನೆಯ ಕಲ್ಲು ನಿಲ್ಲುತ್ತದೆ. ಆ ಕಲ್ಲಿನ ಮೇಲೆ ಗಣ್ಯರ ಹೆಸರುಗಳಿರುತ್ತವೆಯೇ ವಿನಾ ಮುಂದಿನ ವರ್ಷದ ನೀರಿಗೂ ಮಾಲಿಯ ಸಂಬಳಕ್ಕೂ ಹಣ ಎಲ್ಲಿಂದ ಎಂಬುದು ಇರುವುದಿಲ್ಲ. ಕಟ್ಟುವ ವೆಚ್ಚವನ್ನೂ ನಡೆಸುವ ವೆಚ್ಚವನ್ನೂ ಬೇರೆಬೇರೆಯಾಗಿ ಎಣಿಸುವ ವಿವೇಕ ಹಳೆಯ ದತ್ತಿಶಾಸನದಲ್ಲಿದ್ದು ಹೊಸ ಶಿಲಾಫಲಕದಲ್ಲಿ ಇಲ್ಲವೆಂಬುದು ಶೋಚನೀಯ.

ಆದರೆ ಶಾಸನಗಳ ಕಾಲವನ್ನು ಪೌರಸ್ವರ್ಗವೆಂದು ಭ್ರಮಿಸಲಾಗದು. ಆ ತೋಟ ದೇವರಿಗೆ ಸೇರಿದುದು. ಅದನ್ನು ಕಾಯ್ದ ಮಹಾಜನರು ಅಗ್ರಹಾರದ ಒಂದು ವರ್ಗದವರು. ಅಗೆದವನಿಗೂ ಹೂ ಕಟ್ಟಿದವಳಿಗೂ ಅವರ ಕೂಟದಲ್ಲಿ ಮಾತಿರಲಿಲ್ಲ. ಎಲ್ಲರಿಗೂ ತೆರೆದ ವನವೆಂಬ ಭಾವನೆ ಬಹು ಈಚಿನದು.

3

ಇಂಗ್ಲೆಂಡಿನಲ್ಲಿ 1840ರಲ್ಲಿ ತೆರೆದ ಡರ್ಬಿಯ ವೃಕ್ಷವನ, 1847ರ ಬರ್ಕನ್‌ಹೆಡ್ ಪಾರ್ಕ್, ಅದರಿಂದ ಸ್ಫೂರ್ತಿ ಪಡೆದು 1858ರ ಸ್ಪರ್ಧೆಯಲ್ಲಿ ಆಯ್ಕೆಗೊಂಡ ಯೋಜನೆಯಂತೆ ರೂಪುಗೊಂಡ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ – ಇವು ಹೊಸ ಕಲ್ಪನೆಯ ಮೊದಲ ಫಲಗಳು. ಕಾರ್ಖಾನೆಯ ಹೊಗೆಯಲ್ಲಿ ದುಡಿಯುವ ಜನಕ್ಕೆ ಉಸಿರಾಡಲು ಎಡೆ ಬೇಕೆಂಬ ವಿಚಾರದಿಂದ ಇವು ಹುಟ್ಟಿದವು. ‘ಜನರಿಗಾಗಿ’ ಎಂಬ ಮಾತಿನ ಒಳಗೂ ಒಂದು ಕಹಿಯಿತ್ತು: ಸೆಂಟ್ರಲ್ ಪಾರ್ಕಿಗೆ ಎಡೆಮಾಡಲು ಸೆನೆಕಾ ವಿಲೇಜ್ ಎಂಬ, ಬಹುಪಾಲು ಕರಿಯ ಜನರೇ ನೆಲಸಿದ್ದ ಊರನ್ನು 1857ರಲ್ಲಿ ಎಬ್ಬಿಸಲಾಯಿತು. ಯಾವ ಜನ, ಯಾರಿಗಾಗಿ ಎಂಬ ಪ್ರಶ್ನೆ ಸಾರ್ವಜನಿಕ ಉದ್ಯಾನದೊಡನೆಯೇ ಹುಟ್ಟಿದೆ.

ಕರ್ನಾಟಕದಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮುಂದೆ ನಿಂತುದು ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯ ಪ್ರಕರಣದಲ್ಲಿ. ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ನೆಲವನ್ನು ಖಾಸಗಿ ಆಸ್ಪತ್ರೆಯೊಂದಕ್ಕೆ ಕೊಡುವಂತೆ ಸರಕಾರ 1976ರಲ್ಲಿ ಆದೇಶಿಸಿತು. ನಿವಾಸಿಗಳು ಇದನ್ನು ಪ್ರಶ್ನಿಸಿದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ. ಎಸ್. ಮುದ್ದಪ್ಪ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಮೊಕದ್ದಮೆಯಲ್ಲಿ 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿವಾಸಿಗಳ ಪರವಾಗಿ ತೀರ್ಪು ನೀಡಿತು. ಆಸ್ಪತ್ರೆಯೂ ಜನೋಪಯೋಗಿಯೇ ಅಲ್ಲವೇ, ಉದ್ಯಾನ ಹೋದರೆ ನಿವಾಸಿಗಳಿಗೆ ಆದ ಅನ್ಯಾಯವೇನು ಎಂಬ ವಾದಗಳನ್ನು ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಉದ್ಯಾನಕ್ಕೆ ಮೀಸಲಾದ ನೆಲ ಅಲ್ಲಿಯ ಜನರ ಹಿತಕ್ಕೆ ಸೇರಿದುದು, ಅದರ ರಕ್ಷಣೆಗಾಗಿ ಮೊರೆಯಿಡುವ ಅಧಿಕಾರ ನಿವಾಸಿಗಳಿಗೆ ಉಂಟು ಎಂದು ಅವರು ಸ್ಥಾಪಿಸಿದರು.

ಈ ತೀರ್ಪನ್ನು ಒಂದು ಗದ್ಯಬರಹವಾಗಿ ಓದಿದರೂ ಅದರ ಮಹತ್ವ ಕಡಮೆಯಾಗುವುದಿಲ್ಲ. ಅರಸರ ಹಾಗೂ ಸಿರಿವಂತರ ವಿಹಾರಸ್ಥಾನವಾಗಿದ್ದ ಉದ್ಯಾನ ಸಮಾನತೆಯ ಭಾವನೆ ಬೆಳೆದಂತೆ ಸಾಮಾನ್ಯನ ಸ್ವತ್ತಾಯಿತೆಂಬ ಇತಿಹಾಸವನ್ನು ನ್ಯಾಯಮೂರ್ತಿ ಆರ್. ಎಂ. ಸಹಾಯ್ ಅವರ ಬರಹ ಗುರುತಿಸುತ್ತದೆ. ಉದ್ಯಾನವನ್ನು ಜನರು ತಮಗೆ ತಾವೇ ಕೊಟ್ಟುಕೊಂಡ ಕೊಡುಗೆಯಾಗಿ ಕಾಣುತ್ತದೆ. ಚಂಪೂಕಾವ್ಯದ ಉದ್ಯಾನದಿಂದ ಇಲ್ಲಿಯವರೆಗಿನ ದೂರ ಅಲ್ಪವಲ್ಲ. ಆದರೂ ತೀರ್ಪಿಗೆ ಒಂದು ಮಿತಿಯುಂಟು. ನ್ಯಾಯಾಲಯ ನೆಲವನ್ನು ಕಾಯಬಲ್ಲುದು, ಗಿಡವನ್ನು ಬೆಳೆಸಲಾರದು. ಮೊಕದ್ದಮೆಯಲ್ಲಿ ಗೆದ್ದ ನೆಲದಲ್ಲಿ ಕಳೆ ಬೆಳೆದರೆ ಅದನ್ನು ಕೀಳುವಂತೆ ಯಾವ ಪೀಠವೂ ದಿನದಿನವೂ ಆಜ್ಞೆ ಮಾಡದು. ಉದ್ಯಾನದ ಹಕ್ಕು ಅಲ್ಲಿ ಸ್ಥಾಪಿತವಾಯಿತು. ತೋಟದ ಹೊಣೆ ಉಳಿದುಕೊಂಡಿತು.

4

ಆ ಹೊಣೆಯನ್ನು ಜನರೊಡನೆ ಹಂಚಿಕೊಳ್ಳುವ ಬಗೆಯನ್ನು ಮುಂಬಯಿಯ ವಿದ್ಯಾಲೋಕಕ್ಕೆ ಪರಿಚಿತನಾಗಿದ್ದ ಒಬ್ಬ ವಿದ್ವಾಂಸ ನೂರು ವರ್ಷಗಳ ಹಿಂದೆಯೇ ಚಿಂತಿಸಿದ್ದನು. 1919ರಿಂದ 1924ರವರೆಗೆ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಮತ್ತು ಪೌರಶಾಸ್ತ್ರಗಳ ಪ್ರಾಧ್ಯಾಪಕನಾಗಿದ್ದ ಪ್ಯಾಟ್ರಿಕ್ ಗೆಡೆಸ್ ಸ್ಕಾಟ್‌ಲೆಂಡಿನವನು. ಎಡಿನ್‌ಬರೋದ ಹಳೆಯ ಕೇರಿಗಳ ಪಾಳುನಿವೇಶನಗಳನ್ನು ತನ್ನ ಮಗಳು ನೋರಾಳೊಡನೆ ಸೇರಿ ಸಣ್ಣ ಸಣ್ಣ ತೋಟಗಳಾಗಿ ಮಾಡಿಸಿದ ಅನುಭವ ಅವನಿಗಿತ್ತು. ಊರನ್ನು ಮೊದಲು ಕಾಲ್ನಡೆಯಿಂದ ನೋಡಿ ತಿಳಿಯದೆ ನಕ್ಷೆಯನ್ನು ಬರೆಯಬಾರದು ಎಂಬುದು ಅವನ ಮತ. 1917ರಲ್ಲಿ ಇಂದೂರಿನಲ್ಲಿ ದೀಪಾವಳಿಯ ಮೆರವಣಿಗೆ ಯಾವ ಬೀದಿಗಳು ಹೆಚ್ಚು ಚೊಕ್ಕಟವಾಗಿರುವುವೋ ಅವುಗಳ ಮೂಲಕ ಹೋಗುವುದೆಂದು ಸಾರಿಸಿ, ಜನ ತಮ್ಮ ಮನೆಬೀದಿಗಳನ್ನು ತಾವೇ ಶುಚಿಮಾಡುವಂತೆ ಅವನು ಮಾಡಿದನು. ಅಭಿಪ್ರಾಯವನ್ನು ಕಾಗದದ ಮೇಲೆ ಬೇಡುವುದಕ್ಕಿಂತ ಕೈಕೆಲಸದಲ್ಲಿ ಅದನ್ನು ಕಾಣುವುದು ಮೇಲೆಂಬುದು ಇದರ ತಿರುಳು.

ಎರಡನೆಯ ಮಹಾಯುದ್ಧಾನಂತರದ ಆಮ್‌ಸ್ಟರ್‌ಡಾಮ್ ಮತ್ತೊಂದು ನಿದರ್ಶನ. ಅಲ್ಲಿ 1947ರಿಂದ 1978ರವರೆಗೆ ವಾಸ್ತುಶಿಲ್ಪಿ ಆಲ್ಡೋ ಫಾನ್ ಐಕ್ 700ಕ್ಕೂ ಹೆಚ್ಚು ಮಕ್ಕಳ ಆಟದ ಎಡೆಗಳನ್ನು ರೂಪಿಸಿದನು. ತಮ್ಮ ಬೀದಿಯಲ್ಲಿಯೂ ಇಂಥದೊಂದು ಬೇಕೆಂದು ನಿವಾಸಿಗಳು ನಗರಸಭೆಗೆ ಪತ್ರ ಬರೆಯುತ್ತಿದ್ದರು. ಎಲ್ಲಿ ಬೇಕೆಂಬುದನ್ನು ಜನ ಹೇಳಿದರು, ಹೇಗಿರಬೇಕೆಂಬುದನ್ನು ತಜ್ಞನು ಯೋಚಿಸಿದನು. ಈ ವಿಭಜನೆ ಮನನೀಯ. ಜನಾಭಿಪ್ರಾಯದ ಹೆಸರಿನಲ್ಲಿ ತಜ್ಞತೆಯನ್ನು ಹಳಿಯುವುದು ಸಲ್ಲದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕ್ರುಂಬಿಗಲ್ಲನ ವಿದ್ಯೆಯಿಲ್ಲದೆ ಲಾಲ್‌ಬಾಗೂ ಬೆಂಗಳೂರಿನ ಸಾಲುಮರಗಳೂ ಇಂದಿನ ರೂಪವನ್ನು ಪಡೆಯುತ್ತಿರಲಿಲ್ಲ. ಯಾವ ಮರದ ಬೇರು ಎಷ್ಟು ದೂರ ಹರಿಯುತ್ತದೆಂಬುದನ್ನು ಮತದಾನದಿಂದ ನಿಶ್ಚಯಿಸಲಾಗದು.

1969ರಲ್ಲಿ ಶೆರಿ ಆರ್ನ್‌ಸ್ಟೀನ್ ಎಂಬ ಅಮೆರಿಕೆಯ ಲೇಖಕಿ ಪೌರರ ಪಾಲುಗೊಳ್ಳುವಿಕೆಯನ್ನು ಎಂಟು ಮೆಟ್ಟಲುಗಳ ಏಣಿಯಾಗಿ ವಿವರಿಸಿದಳು. ತಳದ ಮೆಟ್ಟಲುಗಳಲ್ಲಿ ಜನರನ್ನು ಒಲಿಸುವ ನಟನೆ. ನಡುವೆ ತಿಳಿಸುವುದು, ಕೇಳುವುದು, ಸಮಾಧಾನಪಡಿಸುವುದು. ಮೇಲೆ ಪಾಲುದಾರಿಕೆ ಮತ್ತು ಅಧಿಕಾರ. ಅವಳ ದೃಷ್ಟಿಯಲ್ಲಿ ‘ಅಭಿಪ್ರಾಯ ಕೇಳುವುದು’ ಏಣಿಯ ನಡುವಿನ ಮೆಟ್ಟಲು ಮಾತ್ರ. ಏಣಿಯ ಈ ಉಪಮೆಗೂ ಒಂದು ಕೊರತೆಯುಂಟೆನ್ನಬೇಕು. ಅದು ಅಧಿಕಾರದ ಪ್ರಮಾಣವನ್ನು ಅಳೆಯುತ್ತದೆ, ದುಡಿಮೆಯ ಪ್ರಮಾಣವನ್ನು ಅಳೆಯುವುದಿಲ್ಲ. ತೋಟದ ವಿಷಯದಲ್ಲಿ ಎರಡನೆಯದು ಇಲ್ಲದ ಮೊದಲನೆಯದು ಬಾಳದು.

ಮುಂಬಯಿಯ ಬೈಕಲಾದ ರಾಣಿಬಾಗಿನ ವೃತ್ತಾಂತ ಇದನ್ನೇ ಸಮರ್ಥಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಈ ಸಸ್ಯೋದ್ಯಾನಕ್ಕೆ ಈಗ ವೀರಮಾತಾ ಜಿಜಾಬಾಯಿ ಭೋಸಲೆ ಉದ್ಯಾನವೆಂದು ಹೆಸರು. 2007ರ ಸುಮಾರಿಗೆ ಅಲ್ಲಿಯ ಮೃಗಾಲಯವನ್ನು ಭಾರಿ ವೆಚ್ಚದಲ್ಲಿ ಹೊಸದಾಗಿ ಕಟ್ಟುವ ಯೋಜನೆ ಬಂದಾಗ ಸಸ್ಯಸಂಪತ್ತಿಗೆ ಹಾನಿಯಾಗುವುದೆಂದು ನಾಗರಿಕರ ಒಂದು ಗುಂಪು ಎದ್ದುನಿಂತಿತು. ಅವರು ಘೋಷಣೆಗೇ ನಿಲ್ಲದೆ ಮರಗಳನ್ನು ಗುರುತಿಸಿ, ಅವುಗಳ ಹೆಸರನ್ನೂ ಮಹತ್ವವನ್ನೂ ದಾಖಲೆಮಾಡಿ, ಪಾರಂಪರಿಕ ವಸ್ತುಗಳ ಸಂರಕ್ಷಣ ಸಮಿತಿಯ ಮುಂದೆ ವಾದಿಸಿದರು. ಮರಗಳನ್ನು ಒಂದೊಂದಾಗಿ ಬಲ್ಲವನ ಅಭಿಪ್ರಾಯಕ್ಕೆ ಬರಿಯ ವಿಹಾರಿಯ ಅಭಿಪ್ರಾಯಕ್ಕಿಲ್ಲದ ಬೆಲೆ ಬರುತ್ತದೆ. ಹರಿಹರನಿಗೆ ಗಿಡಗಳೊಡನೆ ಇದ್ದ ಪರಿಚಯವೇ ಇಲ್ಲಿ ಪೌರಕಾರ್ಯದ ರೂಪವನ್ನು ತಾಳಿದೆ.

5

ಇಷ್ಟರ ಬೆಳಕಿನಲ್ಲಿ ಡೊಂಬಿವಲಿಯ ಸ್ಥಿತಿಯನ್ನು ನೋಡಬೇಕು. ಎಂಐಡಿಸಿ, ಎಂದರೆ ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ನಿಗಮ, 1962ರಲ್ಲಿ ಸ್ಥಾಪಿತವಾಯಿತು. ಕಲ್ಯಾಣ–ಡೊಂಬಿವಲಿ ಮಹಾನಗರಪಾಲಿಕೆ 1983ರಲ್ಲಿ. ಮಿಲಾಪನಗರ, ಸುದರ್ಶನನಗರಗಳಂಥ ನಿವಾಸೀ ಭಾಗದಲ್ಲಿ ಈ ಎರಡೂ ಸಂಸ್ಥೆಗಳ ಕಾರ್ಯಕ್ಷೇತ್ರಗಳು ಒಂದನ್ನೊಂದು ತಾಗುತ್ತವೆ. ಅಭಿಪ್ರಾಯ ಹೇಳಹೊರಟ ನಿವಾಸಿ ಮೊದಲು ಯಾವ ಬಾಗಿಲನ್ನು ತಟ್ಟಬೇಕೆಂಬುದನ್ನು ತಿಳಿಯಬೇಕಾಗುತ್ತದೆ. ಬಡಾವಣೆಯ ನಕ್ಷೆಯಲ್ಲಿ ಉದ್ಯಾನದ ಹೆಸರು ‘ಓಪನ್ ಸ್ಪೇಸ್’, ಎಂದರೆ ಬರಿಯ ತೆರವು. ಕಟ್ಟಡವಿಲ್ಲದ ಎಡೆಯೆಂಬ ಈ ಅಭಾವರೂಪದ ಹೆಸರಿನಲ್ಲಿ ನಡೆಯುವವನೂ ಇಲ್ಲ, ಅಗೆಯುವವನೂ ಇಲ್ಲ.

ಇಂಥ ಊರಿನಲ್ಲಿ ಹಸಿರು ಭೋಗವಸ್ತುವಲ್ಲ. 2016ರ ಮೇ 26ರಂದೂ 2024ರ ಮೇ 23ರಂದೂ ಇಲ್ಲಿಯ ರಾಸಾಯನಿಕ ಕಾರ್ಖಾನೆಗಳಲ್ಲಿ ಸಂಭವಿಸಿದ ಸ್ಫೋಟಗಳು ಹಲವು ಜೀವಗಳನ್ನು ಬಲಿತೆಗೆದುಕೊಂಡವು. ದೂರದ ಮನೆಗಳ ಕಿಟಕಿಗಳೂ ಒಡೆದುವು. ಮನೆಗೂ ಕಾರ್ಖಾನೆಗೂ ನಡುವೆ ಮರಗಳಿರುವುದು, ಆಪತ್ತಿನಲ್ಲಿ ಜನ ಕೂಡಲು ತೆರವಾದ ನೆಲವಿರುವುದು ಇಲ್ಲಿ ಜೀವದ ಪ್ರಶ್ನೆ. ನವೀಕರಣವೆಂದರೆ ಬಣ್ಣದ ಕಾರಂಜಿಯೂ ಸಿಮೆಂಟಿನ ಆನೆಯೂ ಎಂದು ತಿಳಿದವರು ಈ ಸಂಗತಿಯನ್ನು ನೆನೆಯಬೇಕು.

ಅಭಿಪ್ರಾಯ ಕೇಳಿದಾಗ ಸಾಮಾನ್ಯವಾಗಿ ಬರುವ ಬೇಡಿಕೆಗಳನ್ನು ಊಹಿಸುವುದು ಕಷ್ಟವಲ್ಲ. ವೃದ್ಧರಿಗೆ ಬೆಂಚು, ಮಕ್ಕಳಿಗೆ ಉಯ್ಯಾಲೆ, ನಡೆಯುವವರಿಗೆ ಸುತ್ತುದಾರಿ, ಯುವಕರಿಗೆ ಕಸರತ್ತಿನ ಸಲಕರಣೆ, ಭಕ್ತರಿಗೆ ಮೂಲೆಯಲ್ಲಿ ಒಂದು ಗುಡಿ. ಎಲ್ಲವನ್ನೂ ಒಪ್ಪಿ ಕಟ್ಟಿದರೆ ಮಣ್ಣೇ ಉಳಿಯದು. ದಾರಿಗೆ ಹಾಸಿದ ಸಿಮೆಂಟಿನ ಇಟ್ಟಿಗೆ ಮರದ ಬುಡದವರೆಗೂ ಬಂದು ಬೇರಿನ ಉಸಿರನ್ನು ಕಟ್ಟುತ್ತದೆ. ದಿಲ್ಲಿಯ ಮರಗಳ ಬುಡದ ಸುತ್ತ ಒಂದು ಮೀಟರಿನಷ್ಟು ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಲಿ 2013ರಲ್ಲಿ ಆಜ್ಞಾಪಿಸಬೇಕಾಗಿ ಬಂದುದು ಇದೇ ಕಾರಣದಿಂದ. ಬೇಡಿಕೆಗಳ ಮೊತ್ತವನ್ನು ಜನಾಭಿಪ್ರಾಯವೆಂದು ಕರೆಯುವುದು ಸರಿಯಲ್ಲ. ಒಬ್ಬನ ಬೇಡಿಕೆ ಮತ್ತೊಬ್ಬನ ಬೇಡಿಕೆಯನ್ನು ಎದುರಿಸಿ, ಯಾವುದನ್ನು ಬಿಡಬೇಕೆಂದು ಕೂಡಿ ಕುಳಿತು ನಿರ್ಣಯಿಸಿದಾಗ ಮಾತ್ರ ಆ ಹೆಸರು ಸಲ್ಲುತ್ತದೆ.

ಇದಕ್ಕಿಂತ ಮುಖ್ಯವಾದುದು, ಕೇಳಲ್ಪಡದವರ ಪ್ರಶ್ನೆ. ಮುಂಬಯಿ ಪ್ರದೇಶದ ಉದ್ಯಾನಗಳ ಬಾಗಿಲನ್ನು ಮಧ್ಯಾಹ್ನ ಮುಚ್ಚುವ ರೂಢಿ ಬಹುಕಾಲದಿಂದ ಬಂದುದು. ಬೆಳಗ್ಗೆ ನಡೆಯುವ ಗೃಹಸ್ಥನಿಗೆ ಇದರಿಂದ ತೊಂದರೆಯಿಲ್ಲ. ಆದರೆ ಒಂದು ಮನೆಯ ಪಾತ್ರೆ ತೊಳೆದು ಇನ್ನೊಂದು ಮನೆಯ ಕೆಲಸಕ್ಕೆ ಹೋಗುವ ನಡುವೆ ಎರಡು ಗಳಿಗೆ ಕುಳ್ಳಿರಬೇಕಾದ ಹೆಂಗಸಿಗೆ, ರಾತ್ರಿಯ ಪಾಳಿ ಮುಗಿಸಿದ ಕಾರ್ಮಿಕನಿಗೆ, ಬಿಸಿಲಿನಲ್ಲಿ ಅಲೆಯುವ ಅಂಚೆಯವನಿಗೆ ನೆರಳು ಬೇಕಾಗುವುದು ಆಗಲೇ. ಬಾಗಿಲು ತೆರೆಯುವ ವೇಳೆಯನ್ನು ನಿರ್ಣಯಿಸುವುದೆಂದರೆ ಉದ್ಯಾನ ಯಾರದೆಂಬುದನ್ನು ನಿರ್ಣಯಿಸಿದಂತೆ. ದಿನವೂ ಅಲ್ಲಿಯೇ ಇರುವ ಮಾಲಿಗೆ ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾವ ಬೆಂಚಿನ ಮೇಲೆ ಮಧ್ಯಾಹ್ನದ ನೆರಳು ಬೀಳುತ್ತದೆಂಬುದು ಗೊತ್ತು. ಅವನನ್ನು ಕೇಳಿದ ಸಭೆಗಳು ಎಷ್ಟಿವೆ? ಚಂಪೂಕಾವ್ಯದಿಂದ ಮರೆಯಾಗಿದ್ದ ತೋಟಿಗನು ಸಭೆಯಿಂದಲೂ ಮರೆಯಾಗಿದ್ದಾನೆ.

ಕಾನೂನಿನಲ್ಲಿ ದಾರಿಯಿಲ್ಲದಿಲ್ಲ. 1993ರಲ್ಲಿ ಜಾರಿಗೆ ಬಂದ 74ನೆಯ ಸಂವಿಧಾನ ತಿದ್ದುಪಡಿ 3 ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಲ್ಲಿ ವಾರ್ಡು ಸಮಿತಿಗಳನ್ನು ವಿಧಿಸುತ್ತದೆ. ಕಲ್ಯಾಣ–ಡೊಂಬಿವಲಿಯ ಜನಸಂಖ್ಯೆ 2011ರ ಗಣತಿಯಲ್ಲಿಯೇ 12 ಲಕ್ಷವನ್ನು ಮೀರಿತ್ತು. ನಗರಗಳ ಮರಗಳ ರಕ್ಷಣೆಗಾಗಿ ಮಹಾರಾಷ್ಟ್ರದಲ್ಲಿ 1975ರಿಂದಲೇ ಪ್ರತ್ಯೇಕ ಶಾಸನವಿದೆ. ಬಾಗಿಲುಗಳಿವೆ, ಒಳಹೊಗುವವರು ಬೇಕು.

6

ಇಲ್ಲಿ ಹೊರನಾಡ ಕನ್ನಡಿಗನ ವಿಷಯ ಬರುತ್ತದೆ. ಮುಂಬಯಿ ಪ್ರದೇಶದ ಕನ್ನಡಿಗರಿಗೆ ಕೂಡಿ ಕಟ್ಟುವ ವಿದ್ಯೆ ಹೊಸತಲ್ಲ. ಹೋಟೆಲಿನಲ್ಲಿ ದುಡಿಯುವ ಹುಡುಗರಿಗಾಗಿ ಅವರು ರಾತ್ರಿಶಾಲೆಗಳನ್ನು ನಡೆಸಿದರು. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ಕಟ್ಟಿತು. ಚಂದಾ ಎತ್ತುವುದು, ಸಮಿತಿಯಲ್ಲಿ ವಾದಿಸುವುದು, ವರ್ಷದ ಲೆಕ್ಕವನ್ನು ಮಹಾಸಭೆಗೆ ಒಪ್ಪಿಸುವುದು, ಹತ್ತು ವರ್ಷ ಕಳೆದ ಮೇಲೂ ಕಟ್ಟಡದ ಸೋರಿಕೆಯನ್ನು ಚಿಂತಿಸುವುದು – ಇವೆಲ್ಲ ತೋಟದ ಗುಣಗಳು. ಆದರೆ ಸಂಘದ ಬಾಗಿಲಿನಿಂದ ಹೊರಬಂದು ಬಡಾವಣೆಯ ಉದ್ಯಾನಕ್ಕೆ ಕಾಲಿಟ್ಟಾಗ ಅದೇ ಕನ್ನಡಿಗನು ಅತಿಥಿಯಾಗಿಬಿಡುತ್ತಾನೆ. ಅದು ಇಲ್ಲಿಯವರ ಕೆಲಸ, ನಮಗೇಕೆ ಎಂಬ ಸಂಕೋಚ ಕೆಲವರಲ್ಲಿ; ನಿವೃತ್ತರಾದ ಮೇಲೆ ಹೇಗೂ ಊರಿಗೆ ಹೋಗುವವರೆಂಬ ಭಾವನೆ ಇನ್ನು ಕೆಲವರಲ್ಲಿ. ಆ ಬಗೆಯ ನಿವೃತ್ತರು ಇದೇ ಉದ್ಯಾನದ ಬೆಂಚುಗಳ ಮೇಲೆ ಇಪ್ಪತ್ತು ವರ್ಷ ಕುಳಿತಿರುವುದೂ ಉಂಟು.

ಈ ಸಂಕೋಚಕ್ಕೆ ಭಾಷಾಭಿಮಾನದ ಕಾರಣವನ್ನು ಕೊಡುವುದು ಯುಕ್ತವಲ್ಲ. ಮರಾಠಿಯಲ್ಲಿ ನಡೆಯುವ ವಾರ್ಡಿನ ಸಭೆಯಲ್ಲಿ ಕನ್ನಡಿಗನು ಮರಾಠಿಯಲ್ಲಿಯೇ ಮಾತಾಡಿದರೆ ಅವನ ಕನ್ನಡ ಕುಗ್ಗುವುದಿಲ್ಲ. ಅಡಕೆಯ ಮತ್ತು ಮಲ್ಲಿಗೆಯ ತೋಟಗಳ ನಾಡಿನಿಂದ ಬಂದವನಲ್ಲಿ ಮಣ್ಣಿನ ತಿಳಿವಳಿಕೆ ಏನಾದರೂ ಉಳಿದಿದ್ದರೆ ಅದಕ್ಕೆ ಸಲ್ಲುವ ಎಡೆ ಇದಕ್ಕಿಂತ ಬೇರೆಯಿಲ್ಲ. ಸಂಘಗಳು ರಾಜ್ಯೋತ್ಸವದಂದು ಬನವಾಸಿಯ ನಂದನವನ್ನು ಸ್ಮರಿಸುವುದರೊಡನೆ ತಮ್ಮ ಬಡಾವಣೆಯ ಉದ್ಯಾನದ ಮರಗಳ ಪಟ್ಟಿಯೊಂದನ್ನು ಮರಾಠಿ ಕನ್ನಡಗಳೆರಡರಲ್ಲಿಯೂ ಸಿದ್ಧಪಡಿಸಿ ವಾರ್ಡು ಸಮಿತಿಗೆ ಒಪ್ಪಿಸಲಿ. ನಿರ್ವಹಣೆಯ ನಿಧಿಯ ಲೆಕ್ಕವನ್ನು ಪ್ರತಿವರ್ಷವೂ ಕೇಳಲಿ. ಆ ಸಭೆಗೆ ಮಾಲಿಯನ್ನೂ ಕರೆಯುವಂತೆ ಒತ್ತಾಯಿಸಲಿ. ಇವು ದೊಡ್ಡ ಕಾರ್ಯಗಳಲ್ಲ. ಆದರೆ ಅಭಿಪ್ರಾಯವನ್ನು ಹೇಳಿ ಮನೆಗೆ ಹೋಗುವವನಿಗೂ ಹೇಳಿದ ಮೇಲೆ ಉಳಿದುಕೊಳ್ಳುವವನಿಗೂ ಇರುವ ಭೇದ ಇವುಗಳಲ್ಲಿಯೇ ತಿಳಿಯುತ್ತದೆ.

ನವೀಕೃತ ಉದ್ಯಾನದ ಯೋಗ್ಯತೆಯನ್ನು ಉದ್ಘಾಟನೆಯ ದಿನ ಅಳೆಯಲಾಗದು. ಮೂರನೆಯ ಬೇಸಗೆಯಲ್ಲಿ, ನೀರಿನ ಅಭಾವದ ಕಾಲದಲ್ಲಿ, ಅಲ್ಲಿಯ ಎಳೆಯ ಗಿಡಗಳಿಗೆ ಯಾರು ನೀರೆರೆಯುತ್ತಿದ್ದಾರೆಂಬುದನ್ನು ನೋಡಿದರೆ ಆ ಬಡಾವಣೆಯ ಜನಾಭಿಪ್ರಾಯ ಎಂಥದಾಗಿತ್ತೆಂಬುದು ಗೊತ್ತಾಗುತ್ತದೆ.